ಕ್ಯಾಮೆರಾ ಹಚ್ಚಿದ ಮ್ಯಾಗ

ಅರಿಷಿಣ ಹಚ್ಚೂದು ಮಾರಿಗೆ,
ದೀಪ ಹಚ್ಚೂದು ಸಂಜಿಗೆ,
ಸಾಲಿಗೆ ಹೆಸರ ಹಚ್ಚೂದು ಜೂನ್ ತಿಂಗಳದಾಗ.
ಕ್ಯಾಮೆರಾ ಹಚ್ಚೂದು
ಹತ್ತಕ್ಕ ಐದು ನಿಮಿಷ ಇರೂ ಮುಂದ.
ಪುಣೆದಿಂದ ಹುಕುಂ ಬಂದದ:
ಮಾರಿ ಕಾಣದಿದ್ರ
ಅರ್ಧಾ ದಿನದ ಪಗಾರ ಕಟ್.

ಸೊಲ್ಲಾಪುರದಾಗ ನಮ್ಮ ಖೋಲಿ
ಉದ್ದ ಹನ್ನೆರಡು ಫೂಟು, ಅಗಲ ಹತ್ತು.
ಅಕ್ಕಲಕೋಟ ರಸ್ತೆದ ಕಾರಖಾನಿ ಭೋಂಗಾ ಊದಿದ್ರ
ಕೊಡದಾನ ನೀರು ನಡಗ್ತದ.
ನಮ್ಮವರದು ರಾತ್ರಿ ಪಾಳಿ, ಚಾದರದ ಮಗ್ಗ.
ಮುಂಜಾನೆ ಎಂಟಕ್ಕ ಬರ್ತಾರ
ಹುಬ್ಬಿನ ಮ್ಯಾಗ ಹತ್ತೀ ಧೂಳ ಹೊತ್ಕೊಂಡು,
ಎರಡು ರೊಟ್ಟಿ ತಿಂದು ಮಕ್ಕೋತಾರ
ನನ್ನ ಕುರ್ಚಿ ಹಿಂದ, ಕೈ ಚಾಚಿದ್ರ ಸಿಗೂವಷ್ಟು ಹತ್ರ.

ಹಿಂದಿಂದು ಬ್ಲರ್ ಮಾಡು, ಅಂದ್ರು.
ಮಾಡಿದೆ.
ಕಂಪನಿ ಕೊಟ್ಟ ಹಳೀ ಲ್ಯಾಪ್‌ಟಾಪು
ಮಲಗಿದವರನ್ನ ಛಂದಾಗಿ ತೋರಿಸಿ
ನನ್ನ ಕಿವಿ ಮಸಕ ಮಾಡ್ತು.

ಅದಕ್ಕ ಗ್ವಾಡಿಯಿಂದ ಗ್ವಾಡಿಗೆ ಹಗ್ಗ ಕಟ್ಟಿ
ಒಂದು ಚಾದರ ಇಳಿಬಿಟ್ಟೆ.
ಅವರೇ ನೇದದ್ದು. ನವಿಲಿನ ಕುತ್ತಿಗ್ಯಾಗ ಒಂದು ಎಳಿ ತಪ್ಪಿ
ಮಾಲಕ ಪಗಾರದಾಗ ರೊಕ್ಕ ಮುರಕೊಂಡು ಕೊಟ್ಟದ್ದು.
‘ವಾಹ್, ಎಥ್ನಿಕ್!’ ಅಂದ್ರು ಕೇತಕಿ ಮ್ಯಾಡಮ್.
ಆಮ್ಯಾಲ ಮರಾಠಿದಾಗ:
ಮಹಾನಂದಾ, ಬೆಳಕು ಸಾಲವಲ್ದು,
ಮಾರಿ ಸ್ವಲ್ಪ ಎತ್ತು. ಈ ಕಡೆ. ಹಾಂ.

ಹಿಂದಕ ಒಮ್ಮೆ ಹಿಂಗ ಎತ್ತಿ ತೋರಿಸಿದ್ದೆ,
ಹೊಟಗಿಯಿಂದ ಕನ್ಯಾ ನೋಡಾಕ ಬಂದ ಮಂದಿಗೆ.
ಅವರು ಅವಲಕ್ಕಿ ತಿಂದು
ಒಂದು ತಾಸಿನ್ಯಾಗ ಎದ್ದು ಹೋದ್ರು.
ಇವರು ಏಳೂದಿಲ್ಲ.

ನಮ್ಮವರ ಗೇಟಿನ್ಯಾಗ ಮಾರಿ ಯಾರಿಗೂ ಬ್ಯಾಡ,
ಹೆಬ್ಬಟ್ಟು ಒತ್ತಿದ್ರ ಮುಗೀತು.
ನೂಲು ಹರದು ಹರದು ಹೆಬ್ಬಟ್ಟಿನ ಗೆರಿ ಸವದಾವ,
ಮಶೀನಿಗೆ ಗುರ್ತು ಹತ್ತೂದಿಲ್ಲ.
ತಲಿಗೂದಲಕ್ಕ ಒರಸ್ತಾರ, ಒತ್ತತಾರ,
ಒರಸ್ತಾರ, ಒತ್ತತಾರ.
ಮೂರನೇದಕ್ಕ ಹಸಿರು ದೀಪ.

ಐದು ದಿನಕ್ಕೊಮ್ಮೆ ನಳಾ ಬರ್ತದ,
ಅದೂ ಮೀಟಿಂಗಿನ ಹೊತ್ತಿಗೇ.
ಬಾಗಲ ನನ್ನ ಎಡಕ್ಕ, ಕ್ಯಾಮೆರಾದ ಕಣ್ಣಾಗ.
ಎದ್ದು ನಡದ್ರ ಪುಣೆದ ತನಕ ಕಾಣ್ತಾರ.
ಹಂಗಾಗಿ ನನ್ನ ಗಂಡ,
ಆರು ಫೂಟಿಗೆ ಎರಡೇ ಬಟ್ಟು ಕಮ್ಮಿ ಇದ್ದಾವ,
ಟೇಬಲ್ ತೆಳಗ ಅಂಬೆಗಾಲಿಟ್ಟು
ಖಾಲಿ ಕೊಡ ಮುಂದ ದಬ್ಕೋತ ಹೋಗ್ತಾರ.
ನಗು ಬಂದ್ರ ನಾ ಕ್ಲೇಮ್ ನಂಬರ್ ಜೋರಾಗಿ ಓದ್ತೀನಿ,
ಯಾರದೋ ಮೂತ್ರಪಿಂಡದ ಬಿಲ್ಲು, ಯಾರದೋ ಮುರಿದ ಕಾಲು.
ನಗು ಬಿಟ್ಟು ಬ್ಯಾರೇದು ಬಂದ್ರೂ
ನಂಬರೇ ಓದ್ತೀನಿ.

ಶುಕ್ರವಾರ ಟೀಮ್ ಫೋಟೋ.
ಎಲ್ಲಾರೂ ನಗ್ರಿ, ಅಂದ್ರು ಮ್ಯಾಡಮ್. ನಕ್ಕಿವಿ.
ಇಪ್ಪತ್ಮೂರು ಚೌಕಟ್ಟು, ಇಪ್ಪತ್ಮೂರು ಮಾರಿ.
ಮಧ್ಯಾಹ್ನ ಗ್ರೂಪಿನ್ಯಾಗ ಬಂತು, ಮ್ಯಾಲ ಒಂದು ಹಾರ್ಟ್.
ಎರಡನೇ ಸಾಲಿನ ಕಡೀಗೆ ನಾನು.
ನನ್ನ ಭುಜದ ಹಿಂದ ಸೊಟ್ಟ ಕುತ್ತಿಗಿ ನವಿಲು.
ಅದರ ತೆಳಗ, ಚಾದರದ ಅಂಚು ಮುಗಿಯೂವಲ್ಲಿ
ಎರಡು ಪಾದ.
ಬೆರಳಿನಿಂದ ಹಿಗ್ಗಿಸಿ ನೋಡಿದೆ.
ಒಡದ ಹಿಮ್ಮಡ, ಉಗುರಿಗೆ ಹತ್ತಿದ ನೀಲಿ ಬಣ್ಣ,
ಬಾಜೂಕ ಕೊಡ.
ಗ್ರೂಪಿನ್ಯಾಗ ಯಾರೂ ಏನೂ ಅನ್ನಲಿಲ್ಲ.

ಸಂಜಿಗೆ ಡಬ್ಬಿ ಕಟ್ಟೂವಾಗ ತೋರಿಸಿದೆ:
ಇಷ್ಟೊತ್ತು ಯಾಕ ನಿಂತಿದ್ರಿ? ಅಂಬೆಗಾಲಿಟ್ಟು ಹೋಗೂದಲ್ಲ?
ಫೋನ್ ಇಸ್ಕೊಂಡು ಭಾಳ ಹೊತ್ತು ನೋಡಿದ್ರು,
ಅರಿವ್ಯಾಗ ತಪ್ಪಿದ ಎಳಿ ಹುಡುಕಿದಂಗ.
‘ಹಾಜರಿ ತಗೋಲಕತ್ತಿದ್ರಲ್ಲ,’ ಅಂದ್ರು.
ಚಪ್ಪಲಿ ಮೆಟ್ಟಿಕೊಂಡು ಹ್ವಾದ್ರು.

ಸೋಮವಾರ ಹತ್ತಾಗೂದ್ರಾಗ
ಹಗ್ಗ ನಾಕು ಬಟ್ಟು ತೆಳಗ ಇಳಿಸಿ ಕಟ್ಟಿದೆ.
ಕುಂತು ನೋಡಿದೆ.
ಎದ್ದು ಬಿಚ್ಚಿ
ಮತ್ತ ಮೊದಲಿನ ಮಳೀಗೇ ಕಟ್ಟಿದೆ.