ಕಚ್ಚಾ ಹೊಲಿಗೆ

ದುರ್ಗಿಗುಡಿಯ ನಮ್ಮಂಗಡಿಗೆ ಸೀರಿಯಲ್‌ನವರು ಬಂದರು:
ಗೇಣಿ ಗಲಾಟೆಯ ಕಾಲದ ಎರಡು ರವಿಕೆ ಬೇಕು.
ಅಕ್ಕ ಗೌಡರ ಮಗಳಾಗೇ ಉಳಿದವಳು, ಅವಳಿಗೆ ಮಖಮಲ್ಲು.
ತಂಗಿ ಒಕ್ಕಲುಗಳ ಜೊತೆ ಜೈಲಿಗೆ ಹೋದವಳು, ಖಾದಿ.
ಅಳತೆ ಚೀಟಿ ನೋಡಿದೆ: ಎದೆ ಮೂವತ್ತನಾಲ್ಕು, ತೋಳು ಎಂಟೂವರೆ,
ಇಬ್ಬರದೂ ಒಂದೇ.

ಹನ್ನೆರಡನೇ ಕಂತಿನಲ್ಲಿ
ಅಕ್ಕ ಎಳೆದಾಗ ತಂಗಿಯ ತೋಳು ಹರಿಯಬೇಕಂತೆ.
"ಕಚ್ಚಾ ಹೊಲಿಗೆ ಸಾಕು, ಜುಬೇದಕ್ಕ."

ಅಬ್ಬ ಅಂಥದೊಂದು ಮನೆಗೆ ಹೊಲಿದಿದ್ದರು,
ಒಂದೇ ತಾನಿನಲ್ಲಿ ಇಬ್ಬರಿಗೂ.
ತಂಗಿ ಬಿಡುಗಡೆಯಾದ ವಾರ
ಅಕ್ಕ ಗುಟ್ಟಾಗಿ ಕೇಳಿದ್ದು ಇಷ್ಟೇ:
"ಸೊರಗಿದ್ದಾಳಾ? ಹಳೇ ಅಳತೆ ಹಿಡಿಯುತ್ತಾ?"

ಕೈ ಕೇಳಲಿಲ್ಲ. ಎರಡೆಳೆ ದಾರ, ಒತ್ತು ಹೊಲಿಗೆ.
ಆರು ಟೇಕ್. ಜಗ್ಗಿ ಜಗ್ಗಿ
ಅಕ್ಕನ ಉಗುರೇ ಮುರಿಯಿತು,
ತೋಳು ಹರಿಯಲಿಲ್ಲ.

ಬಾಕಿ ದುಡ್ಡು ಇನ್ನೂ ಬಂದಿಲ್ಲ.