ತೂಬಿನ ಕಲ್ಲು

ಶಿರಾಳಕೊಪ್ಪದ ರಸ್ತೆ ಬಿಟ್ಟು ಎಡಕ್ಕೆ ಇಳಿದರೆ ಕೆರೆ ಏರಿ,
ಏರಿಯ ನಡುವೆ ಒಂಟಿ ಹೊಳೆಮತ್ತಿ.
ಅದರ ನೆರಳು ಮಧ್ಯಾಹ್ನ ಎರಡಕ್ಕೆ ಸರಿಯಾಗಿ
ತೂಬಿನ ಚಪ್ಪಡಿ ಮುಟ್ಟುತ್ತದೆ.
ನಾನೂ ಅಷ್ಟೊತ್ತಿಗೇ ಮುಟ್ಟುತ್ತೇನೆ.

ಬಿಲ್ಲು ಕಕ್ಕುವ ಯಂತ್ರ ಕೊರಳಿಂದ ಇಳಿಸಿ,
ಬೂಟು ಕಳಚಿ, ಕಾಲು ಇಳಿಬಿಟ್ಟರೆ
ನಾನು ಯಾರ ಮನೆ ಬಾಗಿಲಲ್ಲೂ ಇಲ್ಲ.
ನಾಯಿ ಬೊಗಳುವುದಿಲ್ಲ.
‘ಈ ತಿಂಗಳು ಯಾಕಿಷ್ಟು ಬಂತು?’ ಎಂದು
ಕೆರೆ ಕೇಳುವುದಿಲ್ಲ.

ಕಲ್ಲುಕಂಬದ ಮೇಲೆ ಯಾರೋ ಎಂದೋ
ಅಡಿಯ ಲೆಕ್ಕ ಕೊರೆದಿದ್ದಾರೆ, ಕನ್ನಡದ ಅಂಕಿಯಲ್ಲಿ.
ಏಳು ಮುಳುಗಿದೆ. ಎಂಟರ ಬೆನ್ನಿಗೆ ಹಸಿ ಪಾಚಿ.
ಕಣ್ಣು ರೂಢಿಯಿಂದ ಓದಿಬಿಡುತ್ತದೆ,
ಹೋದ ತಿಂಗಳು, ಈ ತಿಂಗಳು, ಕಳೆದರೆ ಇಷ್ಟು...
ಆಮೇಲೆ ನಗು ಬರುತ್ತದೆ,
ಬಾಯ ತುಂಬ ರೊಟ್ಟಿ, ಎಣಗಾಯಿ.

ತಾವರೆ ಎಲೆಯ ಮೇಲೆ ಉದ್ದ ಬೆರಳಿನ ಹಕ್ಕಿ
ತನ್ನ ಭಾರವನ್ನೇ ನಂಬದೆ ನಡೆಯುತ್ತದೆ.
ನೀರುಕಾಗೆ ರೆಕ್ಕೆ ಬಿಚ್ಚಿ ನಿಂತಿದೆ,
ಹಗ್ಗದಲ್ಲಿ ಮರೆತ ಅಂಗಿಯ ಹಾಗೆ.
ದೂರದಲ್ಲಿ ಲಾರಿ ಟ್ಯೂಬಿನ ಮೇಲೆ ಹುಚ್ಚರಾಯಪ್ಪ,
ಒಂದು ಕೈಲಿ ಹುಟ್ಟು, ಒಂದು ಕೈಲಿ ಬಲೆ,
ಬಾಯಲ್ಲಿ ನಾಲ್ಕೂರಿನ ಸುದ್ದಿ.

ಇವತ್ತು ಡಬ್ಬಿಯ ಪಕ್ಕ
ಒಂದು ಬಿಳಿ ಪಿಂಗಾಣಿ ಫ್ಯೂಸು.
ಬೆಳಿಗ್ಗೆ ಜೈಬುನ್ನಿಸಾ ಮನೆಯಲ್ಲಿ ಕಿತ್ತದ್ದು,
ಮೂರು ತಿಂಗಳ ಬಾಕಿ.
ಆಕೆ ಬೈಯಲಿಲ್ಲ, ಹೊಲಿಗೆ ಮಿಷನ್ನಿನಿಂದ ಏಳಲೂ ಇಲ್ಲ.
ಮೋಟಾರು ನಿಂತದ್ದೇ
ಕೆಳಗಿನ ಹಲಗೆಗೆ ಕಾಲು ಕೊಟ್ಟು ತುಳಿಯತೊಡಗಿದರು.
ಯಾರದೋ ಮಗುವಿನ ಲಂಗ, ಅರ್ಧ ಅಂಚು.
‘ಬಿಸಿಲಿದೆ, ನೀರು ಕುಡ್ದು ಹೋಗಪ್ಪಾ.’
ಕುಡಿದೆ.
ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ಫ್ಯೂಸಿನ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆ ಕೂತಿತು.
ಹಾರಿತು. ಇಡೀ ಕೆರೆ ಬಿಟ್ಟು
ಮತ್ತೆ ಅಲ್ಲೇ ಬಂದು ಕೂತಿತು.

ದಡಕ್ಕೆ ಬಂದ ಹುಚ್ಚರಾಯಪ್ಪ ಅದನ್ನು ಎತ್ತಿ,
ಅಂಗೈಲಿ ತೂಗಿ ನೋಡಿ ಅಂದ:
‘ಬಲೆಗೆ ಕಟ್ಟಾಕೆ ಒಳ್ಳೆ ಗುಂಡು. ಕೊಡ್ತೀಯಾ?’
‘ನಂದಲ್ಲ’ ಅಂದೆ.
‘ಹಂಗಾರೆ ಯಾರದು?’
ಡಬ್ಬಿ ತೊಳೆದೆ. ಅನ್ನದ ಅಗುಳಿಗೆ
ಸಣ್ಣ ಮೀನು ಮುತ್ತಿ ನೀರು ಕುದ್ದಂತಾಯಿತು.

ನೆರಳು ಚಪ್ಪಡಿ ದಾಟಿ ನೀರಿಗಿಳಿಯಿತು.
ಬಂದ ದಾರಿಗೆ ಆಫೀಸು, ಆಚೆ ದಡಕ್ಕೆ ಆ ಓಣಿ.
ಏರಿ ಕಿರಿದು, ಇಲ್ಲಿ ಬೈಕು ತಿರುಗಿಸಲಾಗದು.
ಹೇಗೂ ಕೋಡಿಯ ತನಕ ಹೋಗಬೇಕು,
ಅಲ್ಲಿಂದ ಅವರ ಮನೆಯ ಹೆಂಚು ಕಾಣುತ್ತದೆ.