ಪಾತಾಳಗರಡಿ, ಟುಲೇರ್ ಕೌಂಟಿ

ನನ್ನ ಕೆಲಸ ಆಳ ಹೇಳುವುದು.
ಉಕ್ಕಿನ ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಬಳಿದು
ಕೊಳವೆಗೆ ಇಳಿಬಿಟ್ಟು, ಮೇಲೆಳೆದು,
ನೀಲಿ ಎಲ್ಲಿ ಕಪ್ಪಾಯಿತೋ ಅಲ್ಲಿ ಬೆರಳಿಟ್ಟು
ಬರೆದುಕೊಳ್ಳುವುದು. ಅಷ್ಟೆ.

ಅವೆಲಾರ್ ಡೇರಿಯ ಬಾವಿಗೆ ಮೊದಲು ಬಗ್ಗುತ್ತಿದ್ದೆ,
ಈಗ ನೆಟ್ಟಗೆ ನಿಂತೇ ಅಳೆಯುತ್ತೇನೆ.
"ನೋಡು, ಕೊಳವೆ ಬೆಳೆದಿದೆ," ಎಂದು ನಗುತ್ತಾನೆ ಮುದುಕ.
ಕೊಳವೆ ಬೆಳೆಯುವುದಿಲ್ಲ, ಅವೆಲಾರ್.
ನೀನೂ ನಿನ್ನ ಆರುನೂರು ಹಸುವೂ ನಾನೂ
ನಿಂತ ನೆಲದ ಸಮೇತ ಇಳಿದಿದ್ದೇವೆ,
ಸದ್ದಿಲ್ಲದ ಲಿಫ್ಟಿನಲ್ಲಿ.

ಜನವರಿಯ ಮಂಗಳವಾರ. ಹೊರಗೆ
ರಸ್ತೆಯ ಬಿಳಿ ಗೆರೆಯೂ ಕಾಣದ ಮಂಜು;
ಇದ್ದಬದ್ದ ನೀರೆಲ್ಲ ಗಾಳಿಯಲ್ಲಿ ನಿಂತು
ಕಿಟಕಿಯಿಂದ ತಮಾಷೆ ನೋಡುತ್ತಿದೆ.
ಶಾಲೆಯ ಊಟದ ಕೋಣೆ. ಎರಡನೇ ಕ್ಲಾಸಿನವರ ಬೆಂಚಿನಲ್ಲಿ
ಮಂಡಿ ಗದ್ದಕ್ಕೆ ತಾಗಿಸಿ ಕೂತಿದ್ದಾರೆ ದೊಡ್ಡವರು.
ಕಾನೂನು ಹೇಳಿದೆ: ನೀವೇ ಒಂದು ಸಂಸ್ಥೆ ಕಟ್ಟಿಕೊಳ್ಳಿ,
ಇಲ್ಲವೋ, ಸ್ಯಾಕ್ರಮೆಂಟೋದವರು ಬರುತ್ತಾರೆ.
ಅತ್ತೆ ಬರುವ ಮೊದಲು ಮನೆ ಗುಡಿಸುವ ಮುಖ ಎಲ್ಲರದೂ.

ಗಡಿ ಗೀಚಲು ಒಂದೂವರೆ ಗಂಟೆ.
ಕಾಲುವೆಯ ಈಚೆ ನಾವು, ಆಚೆ ಅವರು;
ಕೆಳಗಿನ ಮರಳಿಗೆ ಯಾರೂ ಇದನ್ನು ಹೇಳಿಲ್ಲ.
ಹೆಸರಿಗೆ ಮುಕ್ಕಾಲು ಗಂಟೆ. ಹನ್ನೊಂದು ಪದದ ಹೆಸರು,
"ಸುಸ್ಥಿರ" ಎಲ್ಲಿ ಬರಬೇಕು ಎಂಬುದಕ್ಕೆ ತಿದ್ದುಪಡಿ,
ತಿದ್ದುಪಡಿಗೆ ತಿದ್ದುಪಡಿ.

ಆಮೇಲೆ ವೋಟು.
ಎಕರೆಗೊಂದು, ಎಂದರು ಬಾದಾಮಿ ತೋಟದವರು.
ಎಲುಟೇರಿಯಾ ಸೊಲಾನೊ ಎದ್ದಳು,
ಪ್ಯಾಕಿಂಗ್ ಶೆಡ್ಡಿನ ಕೂದಲಬಲೆ ಇನ್ನೂ ತಲೆಯ ಮೇಲೆ.
ಅವಳು ಹೇಳಿದಳು, ಮಗಳು ಇಂಗ್ಲಿಷಿಗೆ ತಿರುಗಿಸಿದಳು:
"ನನ್ನದು ಕಾಲು ಎಕರೆ.
ಕಾಲು ವೋಟಿಗೆ ಯಾವ ಬೆರಳು ಎತ್ತಲಿ?
ಬಾವಿ ಒಣಗಿದ್ದು ಮಾತ್ರ ಪೂರ್ತಿ."
ಯಾರೂ ಕೆಮ್ಮಲಿಲ್ಲ.
ಹಾಲಿನ ಡಬ್ಬಿಗಳ ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

ಸಭೆ ನಡೆಸುತ್ತಿದ್ದ ವರ್ನಾ ಟಿಪ್ಪೆಟ್ ನನ್ನತ್ತ ತಿರುಗಿ
"ಕೆಳಗೆ ಎಷ್ಟಿದೆ, ಅದನ್ನಾದರೂ ಹೇಳಿ," ಎಂದಳು.
ಗೊತ್ತಿಲ್ಲ, ಎಂದೆ.
ಒಂಬತ್ತು ಬಾವಿಯ ಮುಚ್ಚಳ ತೆಗೆಯಲು ಬಿಟ್ಟಿದ್ದೀರಿ,
ಉಳಿದ ಇನ್ನೂರ ಹನ್ನೆರಡಕ್ಕೆ ಬೀಗ.
ನಾಡಿ ಹಿಡಿಯಲು ಕೈ ಕೊಡದೆ ಮದ್ದು ಕೇಳಿದರೆ?

ಆಗ ನೆನಪಾದದ್ದನ್ನು ಅಲ್ಲಿ ಹೇಳಲಿಲ್ಲ.
ಹಿರಿಯೂರಿನಲ್ಲಿ ನನ್ನ ಅಜ್ಜಿಯ ಬೀದಿಗೆ
ಒಂದೇ ಪಾತಾಳಗರಡಿ.
ಬಾವಿಯಲ್ಲಿ ಬಿಂದಿಗೆ ಕಳಕೊಂಡವರು
ಸಾವಂತ್ರಮ್ಮನ ಮನೆಗೆ ಹೋಗಿ ಕೇಳಬೇಕು,
ಒತ್ತೆಗೆ ತಂಬಿಗೆ ಇಟ್ಟು ತರಬೇಕು.
ಇಲ್ಲ ಎನ್ನುವಂತಿಲ್ಲ ಆಕೆ;
ಇಟ್ಟುಕೊಳ್ಳುವಂತಿಲ್ಲ ಇವರು.
ಕೊಕ್ಕೆಗಳ ಆ ಕಬ್ಬಿಣದ ಗೊಂಚಲಿಗೆ
ಉಪವಿಧಿಗಳಿರಲಿಲ್ಲ. ಅಥವಾ ತಂಬಿಗೆಯೇ ಉಪವಿಧಿ.
ಬೀದಿ ಮುಗಿದಲ್ಲಿ ಗರಡಿಯೂ ಮುಗಿಯುತ್ತಿತ್ತು;
ಆಚೆ ಕೇರಿಯವರು ನಮ್ಮ ಯಾವ ಬಾವಿಗೂ ಬಗ್ಗುವಂತಿರಲಿಲ್ಲ.
ಅಜ್ಜಿ ಅದನ್ನು ಹೇಳಿರಲಿಲ್ಲ, ನಾನೇ ಲೆಕ್ಕ ಹಾಕಿದ್ದು.
ಗಡಿ ಎಂದರೆ ನನಗೆ ಇದೂ ಗೊತ್ತು.

ಹತ್ತೂಕಾಲಿಗೆ, ಏನೂ ತೀರ್ಮಾನವಾಗದೆ,
ಒಂದೊಂದೇ ದೀಪ ಆರಿಸುತ್ತಿರುವಾಗ
ಗುರ್ಮೇಜ್ ಧಾಲಿವಾಲ್,
ಎಕರೆಗೊಂದು ಎಂದು ಮೊದಲು ಕೂಗಿದವನೇ,
ನನ್ನ ಮುಂದೆ ಒಂದು ಕೀಲಿಕೈ ಇಟ್ಟ. ಮಾತಿಲ್ಲ.
ಚೀಟಿಯಲ್ಲಿ: ಬಾವಿ ಏಳು.
ಅವನಿಗೆ ಹದಿನಾಲ್ಕು ಬಾವಿ. ಕೊಟ್ಟದ್ದು ಒಂದು,
ಬಹುಶಃ ಎಲ್ಲಕ್ಕಿಂತ ಚೆನ್ನಾಗಿರುವುದರದ್ದು.
ಇರಲಿ. ತಂಬಿಗೆ ತಂಬಿಗೆಯೇ.

ಬೆಳಿಗ್ಗೆ ಮಂಜಿನಲ್ಲೇ ಹೋದೆ.
ಸುಣ್ಣ ತಾನೇ ಬಳಿಯುತ್ತೇನೆ ಎಂದ, ಒರಟಾಗಿ ಬಳಿದ.
ಟೇಪು ಇಳಿಯಿತು, ಇಳಿಯಿತು,
ನಾವಿಬ್ಬರೂ ಉಸಿರು ಬಿಡುವುದನ್ನು ಮರೆಯುವಷ್ಟು ಇಳಿಯಿತು.
ಮೇಲೆ ಬಂದಾಗ ಕಪ್ಪಾದಲ್ಲಿ
ತಾನೇ ಬೆರಳಿಟ್ಟು ಅಂಕಿ ಓದಿದ, ಎರಡು ಸಲ.
ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಲಿಲ್ಲ.

"ಮುಂದಿನ ಸಭೆ ಎಷ್ಟು ಹೊತ್ತಿಗೆ?" ಎಂದು ಕೇಳಿದ.